ಒರೆ

ಹನ್ನೆರಡು ದಿರ್ಹಮ್ಮಿನ ಚೂರಿ.
ರಮ್ಸ್ ಜೆಟ್ಟಿಯ ಹಿಂದಿನ ಅಂಗಡಿಯಲ್ಲಿ
ಬಲೆಯ ದಾರ, ಗಾಳ, ಶಾಂಪೂ ಪೊಟ್ಟಣಗಳ ನಡುವೆ
ಕಿತ್ತಳೆ ಬಣ್ಣದ ಹಿಡಿ ಮೇಲಾಗಿ ನೇತಾಡುತ್ತಿತ್ತು.
ಅಲಗಿನ ಬಗ್ಗೆ ದೂರಿಲ್ಲ. ಒಂದೇ ಎಳೆತಕ್ಕೆ ನೈಲಾನ್ ಹಗ್ಗ
ಬೆಂದ ಶಾವಿಗೆ.
ಒರೆ ಮಾತ್ರ, ಕರೀ ಪ್ಲಾಸ್ಟಿಕ್ಕಿನದು,
ಬಾಡಿಗೆ ಕೋಣೆಯ ಬಾಗಿಲಿನಂತೆ:
ಮುಚ್ಚಿದ ಹಾಗಿರುತ್ತದೆ, ಮುಚ್ಚಿರುವುದಿಲ್ಲ.

ಮೊದಮೊದಲು ಸುಮಾರಾಗಿಯೇ ಇತ್ತು.
ಜುಲೈ ತಿಂಗಳ ಒಂದು ಮಧ್ಯಾಹ್ನ ಅರ್ಬಾಬನ ಪಿಕಪ್ಪಿನಲ್ಲಿ,
ಗಾಜಿನ ಹಿಂದೆ, ಡ್ಯಾಶ್‌ಬೋರ್ಡಿನ ಮೇಲೆ ಮರೆತು ಬಂದೆ.
ಸಂಜೆ ನೋಡಿದರೆ ಒರೆಯ ಬಾಯಿ ಜೋಲುತುಟಿ.
ಚೂರಿ ಒಳಗೆ ಗಿಲಿಗಿಲಿ ಆಡುತ್ತಿತ್ತು
ಒಣಗಿದ ಕಾಯಿಯೊಳಗಿನ ಬೀಜದ ಹಾಗೆ.
ನಾನು ನಕ್ಕುಬಿಟ್ಟೆ. ಅದೇ ತಪ್ಪು.

ಬುಧವಾರ ಗರ್ಗೂರ್ ಎತ್ತಲು ಬಗ್ಗಿದೆ.
ಸೊಂಟದಲ್ಲಿ ಏನೋ ಹಗುರಾಯಿತು, ಅಷ್ಟೆ.
ಮೊಫಿಜುಲ್ ಕೂಗಲಿಲ್ಲ.
ತನ್ನ ಎಡಗಾಲನ್ನು ಬೇರೆ ಯಾರದೋ ಎನ್ನುವಂತೆ
ನೋಡುತ್ತ ಕೂತ.
ಹೆಬ್ಬೆರಳ ಪಕ್ಕ, ನಾಲ್ಕು ಹೊಲಿಗೆ.
ನೌಖದ ಹುಮೈದ್ ಹಲಗೆ ತೊಳೆದ ನೀರನ್ನು ಕಡಲಿಗೆ ಚೆಲ್ಲಿ
ಅರಬಿಯಲ್ಲಿ ಒಂದೇ ಮಾತು ಅಂದ.
ಅರ್ಥ ಕೇಳಲು ನನಗೆ ಧೈರ್ಯವಾಗಲಿಲ್ಲ.

ರಾತ್ರಿಯೇ ಸೈಕಲ್ ಟ್ಯೂಬು ಕೊಯ್ದೆ.
ಬಳೆ ಬಳೆಯಾಗಿ ಮೂರು, ಹಿಡಿಗೂ ಒರೆಗೂ ಸೇರಿಸಿ ಬಿಗಿದೆ.
ತಪ್ಪು ಮಾಡಿದವನು ಬಿಗಿಯುವುದೇ ಹಾಗೆ, ಅಳತೆ ನೋಡದೆ.
ತಲೆಕೆಳಗೆ ಹಿಡಿದು ಕುಲುಕಿದೆ. ಅಲ್ಲಾಡಲಿಲ್ಲ.
‘ಈಗ ಕಾಣಿ’ ಎಂದೆ, ಗೋಡೆಗೆ.

ಹದಿನೈದು ದಿನ ಕಳೆದು, ಓಡುವ ಹಗ್ಗ
ನನ್ನ ಪಾದವನ್ನೇ ಸುತ್ತಿತು.
ಇಪ್ಪತ್ತು ಮಾರು ನೀರಿಗೆ ಗರ್ಗೂರ್ ಇಳಿಯುತ್ತಿದೆ,
ನಾನು ದೋಣಿಯ ಅಂಚಿಗೆ ಜೋತುಬಿದ್ದು
ಒಂದೇ ಕೈಯಲ್ಲಿ ಚೂರಿ ಎಳೆಯುತ್ತಿದ್ದೇನೆ,
ಅದು ಬರಲೊಲ್ಲದು.
ರಬ್ಬರು ಹಿಗ್ಗುತ್ತದೆ, ಬಿಡುವುದಿಲ್ಲ,
ಸಾಲ ಕೊಟ್ಟವನು ಸಂತೆಯಲ್ಲಿ ತೋಳು ಹಿಡಿದ ಹಾಗೆ.
ಹಗ್ಗ ಕೊಯ್ದವನು ಮೊಫಿಜುಲ್,
ಕುಂಟುತ್ತ ಬಂದು, ಅಡುಗೆಯ ಈರುಳ್ಳಿ ಚಾಕುವಿನಲ್ಲಿ.
ಗರ್ಗೂರ್ ಹೋಯಿತು. ಅದರ ಬೆಲೆ ನನ್ನ ಸಂಬಳದಲ್ಲಿ.

ಶುಕ್ರವಾರ ನಮಾಜು ಮುಗಿಸಿ ಬಂದ ಹುಮೈದ್
ತನ್ನಜ್ಜನ ಖಂಜರ್ ತೆಗೆದ. ಬಾಗಿದ ಬೆಳ್ಳಿಯ ಒರೆ.
ಬೋರಲು ಹಿಡಿದ: ಬೀಳಲಿಲ್ಲ.
ಎರಡು ಬೆರಳಲ್ಲಿ ಎಳೆದ: ಬಂತು.
ಮತ್ತೇನೂ ಹೇಳದೆ ಚಹಾ ಕುಡಿದು ಹೋದ.

ಟ್ಯೂಬಿನ ಬಳೆ ಕಿತ್ತೆಸೆದೆ.
ಅಲಗಿಗೆ ಒಂದು ಸುತ್ತು ಟೇಪು, ಒಂದೇ ಸುತ್ತು;
ಆಮೇಲೆ ಬಿಚ್ಚಿದಾಗ ಉಳಿಯುವ ಕೂದಲೆಳೆಯ ಜಾಗದಲ್ಲಿ
ಚೂರಿ ಉಸಿರಾಡಬೇಕು.
ಕುದಿದಿಳಿದ ನೀರಿಗೆ ಒರೆಯ ಬಾಯಿ ಅದ್ದಿ,
ಮೆತ್ತಗಾದದ್ದೇ ಚೂರಿ ತೂರಿಸಿ,
ಹಳೇ ಹವಾಯಿ ಚಪ್ಪಲಿ ಎರಡರ ನಡುವೆ ಇಟ್ಟು
ಮಂಡಿ ಊರಿದೆ. ಕತ್ತಿನ ಹತ್ತಿರ ಮಾತ್ರ, ಕೆಳಗಲ್ಲ.
ನೂರರ ತನಕ ಎಣಿಸಿದೆ. ಮೊಫಿಜುಲ್ ಬಂಗಾಳಿಯಲ್ಲಿ ಎಣಿಸಿದ,
ನನಗಿಂತ ಮೊದಲೇ ಮುಗಿಸಿದ, ಮತ್ತೆ ಶುರುಮಾಡಿದ.
ಕೆಡಿಸಿದ್ದೂ ಬಿಸಿಯೇ ಅಲ್ಲವಾ ಮಾರಾಯ, ಎಂದೆ.
ಅವನಿಗೆ ಕನ್ನಡ ಬಾರದು, ತಲೆಯಾಡಿಸಿದ.
ತುದಿಗೆ ಕಾದ ಮೊಳೆಯಿಂದ ಒಂದು ತೂತು,
ಉಪ್ಪುನೀರು ಇಳಿದುಹೋಗಲು.

ಗಂಗೊಳ್ಳಿಯ ಶಾಲೆಯಲ್ಲಿ ಶೇಷಪ್ಪ ಮಾಷ್ಟ್ರು ಹೇಳಿದ್ದರು,
ಹಳಗನ್ನಡದಲ್ಲಿ ಒರೆ ಎಂದರೆ ‘ಹೇಳು’ ಎಂದೂ ಅರ್ಥ.
ಅಕ್ಕಸಾಲಿಗನಿಗೆ ಅದು ಚಿನ್ನ ತಿಕ್ಕುವ ಕಲ್ಲು.
ನನ್ನದು ಹೇಳುವುದು ಒಂದೇ:
ಟಕ್.

ದೀಪ ಆರಿದ ಮೇಲೂ ಎಳೆದೆ, ಹಾಕಿದೆ. ಟಕ್.
ಬೋರಲು ಹಿಡಿದೆ. ಎಳೆದೆ. ಟಕ್.
ಹನ್ನೊಂದನೆಯದೋ ಹನ್ನೆರಡನೆಯದೋ ಸಲಕ್ಕೆ
ಹೊಲಿಗೆ ಬಿದ್ದಂದಿನಿಂದ ನಾನು ಬಿಟ್ಟುಕೊಟ್ಟ
ಕೆಳಗಿನ ಬಂಕಿನಿಂದ ದನಿ ಬಂತು:
‘ಭಾಯ್, ನಂಬಿದೆ. ಮಲಗು.’